ಪಡಸಾಲೆಯ ತೋಟ

ನಾಗನೂರಿನ ಸುಂದರಾಬಾಯಿಗೆ ಮನುಷ್ಯರ ಮೇಲೆ ಸಿಟ್ಟಿರಲಿಲ್ಲ. ಶ್ರೀಪಾಲನಂಥ ಗಂಡನ ಜೊತೆ ಇಷ್ಟು ಕಾಲ ಬಾಳ್ವೆ ಮಾಡಿ ಅವನ ಮೇಲೂ ಸಿಟ್ಟಿಲ್ಲ ಎಂದಮೇಲೆ ಉಳಿದವರ ಮಾತೇಕೆ? ಅವಳ ಸಿಟ್ಟೆಲ್ಲ ತನ್ನ ಪಡಸಾಲೆಯ ನೆಲದ ಮೇಲೆ.

ಅದು ಮಾವನವರ ಕಾಲದ ಗಚ್ಚು. ಬಿರುಕು ಬಿಟ್ಟು ಬಿಟ್ಟು ಸಾಲೆಯ ಗೋಡೆಗೆ ತೂಗುಹಾಕುವ ನಕಾಶೆಯ ಹಾಗೆ ಆಗಿತ್ತು. ತಲಬಾಗಿಲಿನಿಂದ ಒಂದು ದೊಡ್ಡ ಬಿರುಕು ಘಟಪ್ರಭೆಯ ಹಾಗೆ ಬಳುಕುತ್ತ ಅಡುಗೆಮನೆಯವರೆಗೆ ಹೋಗುತ್ತಿತ್ತು. ಅದಕ್ಕೆ ಎಡಬಲದಿಂದ ಬಂದು ಕೂಡುವ ಹಳ್ಳಗಳಿಗೆ ಲೆಕ್ಕವಿಲ್ಲ. ನೀರಿಲ್ಲದ ಈ ನದಿಯಲ್ಲಿ ಹರಿಯುತ್ತಿದ್ದದ್ದು ಇರುವೆ. ಕೆಂಪಿರುವೆ, ಕರಿಯಿರುವೆ, ಸಣ್ಣವು, ದೊಡ್ಡವು, ಎಲ್ಲವೂ ಬಾಡಿಗೆ ಕೊಡದೆ ಒಕ್ಕಲಿದ್ದವು. ಬೇರೆಯವರ ಮನೆಯಾಗಿದ್ದರೆ ಒಂದು ತಂಬಿಗೆ ಬಿಸಿನೀರು ಸುರಿದು ಕೈತೊಳೆದುಕೊಳ್ಳುತ್ತಿದ್ದರು. ಜೈನರ ಮನೆಯಲ್ಲಿ ಅದು ಹೇಗಾದೀತು? ಪುಡಿ ಉದುರಿಸುವಂತಿಲ್ಲ. ಬಿರುಕಿಗೆ ಸಿಮೆಂಟು ತುಂಬಿದರೆ ಅಷ್ಟೂ ಜೀವಗಳನ್ನು ಜೀವಂತ ಹೂಳಿದ ಪಾಪ. ಹಾಗಾಗಿ ಸುಂದರಾಬಾಯಿ ಕಸ ಹೊಡೆಯುವಾಗಲೂ ‘ಸರೀರಿ, ಸರೀರಿ’ ಎಂದು ಅವುಗಳಿಗೆ ದಾರಿ ಬಿಟ್ಟುಕೊಟ್ಟು ಹೊಡೆಯುತ್ತಿದ್ದಳು. (ಮನೆಯಲ್ಲಿ ಅವಳ ಬಾಯಿಂದ ಬಹುವಚನ ಕೇಳಿಸಿಕೊಳ್ಳುತ್ತಿದ್ದವರು ಗಂಡ ಮತ್ತು ಇರುವೆಗಳು ಮಾತ್ರ. ಇರುವೆಗಳಿಗೆ ಸಿಗುವ ಬಹುವಚನದಲ್ಲಿ ಅಕ್ಕರೆ ಹೆಚ್ಚು ಎಂದು ಶ್ರೀಪಾಲನ ದೂರು.)

ಇಷ್ಟೆಲ್ಲ ಸಹಿಸಿಕೊಂಡಿದ್ದವಳು ಹೋದ ವರ್ಷ ಮಾತ್ರ ಸೋತುಹೋದಳು. ಊರಿಗೆ ದಿಗಂಬರ ಮುನಿ ಮಹಾರಾಜರು ಬಂದಿದ್ದರು. ಅವರು ದಿನಕ್ಕೊಂದೇ ಸಲ, ಯಾರಾದರೂ ಒಬ್ಬರ ಮನೆಯಲ್ಲಿ, ನಿಂತು ಕೈಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುವವರು. ಯಾರ ಮನೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಬೆಳಿಗ್ಗೆ ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಆ ಗುರುತು ಯಾರ ಬಾಗಿಲಲ್ಲಿ ಕಾಣುತ್ತದೋ ಅಲ್ಲಿ ನಿಲ್ಲುತ್ತಾರೆ. ಅದಕ್ಕೇ ಓಣಿಯಲ್ಲಿ ಒಬ್ಬರು ತೆಂಗಿನಕಾಯಿ, ಒಬ್ಬರು ಪೇರಲಹಣ್ಣು, ಒಬ್ಬರು ಕಳಶ ಹಿಡಿದು ನಿಂತು ಬಾ ಸ್ವಾಮಿ ಎಂದು ಕರೆಯುತ್ತಾರೆ. ಹೋದ ವರ್ಷ ಮಹಾರಾಜರು ಸುಂದರಾಬಾಯಿಯ ಬಾಗಿಲಲ್ಲಿ ನಿಂತೇಬಿಟ್ಟಿದ್ದರು! ಆದರೆ ಹೊಸ್ತಿಲಾಚೆ ನೆಲ ನೋಡಿದರೆ ಪಂಢರಪುರದ ಯಾತ್ರೆಯ ಹಾಗೆ ಇರುವೆಗಳ ದಿಂಡಿಯೇ ಹೊರಟಿತ್ತು. ಕಾಲಿಡಲು ಜಾಗವಿಲ್ಲ. ಮಹಾರಾಜರು ತಿರುಗಿ ಎದುರಿನ ಚಂಪಾಬಾಯಿಯ ಮನೆಗೆ ಹೋದರು. ಅಂದಿನಿಂದ ಚಂಪಾಬಾಯಿ ಮಾತು ತೆಗೆದರೆ ಸಾಕು, ‘ಮಹಾರಾಜರು ನಮ್ಮನಿಗಿ ಬಂದಾಗ...’ ಎಂದೇ ಶುರು. ಮಾತು ಮೆಣಸಿನಕಾಯಿ ದರದ್ದಾದರೂ ಸರಿಯೇ.

ಈ ವರ್ಷ ಮಹಾರಾಜರು ಕೊಣ್ಣೂರಿಗೆ ಬಂದಿದ್ದಾರೆ, ಅಲ್ಲಿಂದ ನಾಗನೂರಿಗೇ ಬರುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಸುಂದರಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಏನ್ರೀ, ಈ ಸಲ ಮಹಾರಾಜರ ಕೈಗೆ ನಾ ತುತ್ತು ಇಡಬೇಕು. ನೆಲದ್ದು ಏನರ ಮಾಡ್ರಿ."

"ಕಿತ್ತು ಟೈಲ್ಸ್ ಹಾಕಸೂಣು," ಎಂದ ಶ್ರೀಪಾಲ, ಆರಾಮ ಕುರ್ಚಿಯಿಂದ ಏಳದೆ.

"ಕಿತ್ತರ ಇರುವಿ ಗೂಡೆಲ್ಲಾ ಹಾಳಾಗತಾವ. ಮ್ಯಾಲ ಭಾವಿ ಮೋಟಾರ ಸುಟ್ಟು ನಿಂತೈತಿ. ಅದಕ್ಕ ಕೊಟ್ಟು ಉಳಿದದ್ರಾಗ ನಿಮ್ಮ ಟೈಲ್ಸ್ ಹೊಸ್ತಿಲಕ್ಕಷ್ಟ ಆದಾವು."

ಆಗ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದ ಸೊಸೆ ರೂಪಾಲಿ ಬಾಯಿಹಾಕಿದಳು. ಹುಕ್ಕೇರಿಯ ಹುಡುಗಿ, ನಾಲಗೆ ಚುರುಕು. "ಅತ್ತೀ, ಈಗ ನೆಲದ ಮ್ಯಾಲ ಹಾಸೂ ಸಾಮಾನ ಬಂದಾವ. ನಮ್ಮ ಹುಕ್ಕೇರ್ಯಾಗ ಡಾಕ್ಟರ ದವಾಖಾನಿಗೆ ಹಾಸ್ಯಾರ. ಕೀಳೂದ ಬ್ಯಾಡ. ಗೋಕಾಕದಾಗೂ ಸಿಗತಾವಂತ."

ಹಾಸುವುದಾದರೂ ಇರುವೆಗಳ ಮೇಲೆಯೇ ಹಾಸುವುದು ಹೇಗೆ? ಸುಂದರಾಬಾಯಿ ಅವಸರದವಳಲ್ಲ. ಬಿರುಕಿನ ಬಾಯಿಂದ ಹಿತ್ತಲ ನುಗ್ಗಿಯ ಗಿಡದ ಬುಡದವರೆಗೆ ದಿನಾ ರವೆ ಸಕ್ಕರೆಯ ಗೆರೆ ಎಳೆದಳು. ಗೆರೆಯನ್ನು ಪ್ರತಿದಿನ ಗೂಡಿನಿಂದ ಇನ್ನೂ ಒಂದು ಗೇಣು ದೂರದಿಂದ ಶುರುಮಾಡಿದಳು. ಶ್ರೀಪಾಲ ಚಹಾಕ್ಕೆ ಸಕ್ಕರೆ ಕೇಳಿದರೆ, "ತಡೀರಿ, ಮೊದಲ ಅವರದ ಆಗಲಿ," ಎನ್ನುತ್ತಿದ್ದಳು. ಕಡೆಗೊಂದು ದಿನ ಇರುವೆಗಳು ಬಿಳಿ ತತ್ತಿಗಳನ್ನು ಹೊತ್ತುಕೊಂಡು ಸಂಸಾರಸಮೇತ ನುಗ್ಗಿಯ ಬುಡಕ್ಕೆ ಬಿಡಾರ ಬದಲಿಸಿದವು. ಒಕ್ಕಲೆಬ್ಬಿಸಿದ್ದಕ್ಕೆ ಬೇಸರವಾಗಬಾರದೆಂದು ಅವಳು ಅಲ್ಲಿ ಒಂದು ಚೂರು ಬೆಲ್ಲವನ್ನೂ ಇಟ್ಟು ಬಂದಳು.

ಇತ್ತ ಗೋಕಾಕದಲ್ಲಿ ವೀರಪ್ಪನ ಅಂಗಡಿ. ಗಂಡ ಹೆಂಡತಿ ಸೊಸೆ ಮೂವರೂ ಬಸ್ಸಿನಿಂದಿಳಿದು ನೇರ ಅಲ್ಲಿಗೆ ನುಗ್ಗಿದರು.

"ಬರ್ರಿ ಬಾಯಾರ, ಬರ್ರಿ ಕಾಕಾ," ಎಂದ ವೀರಪ್ಪ, ಎರಡು ಮಾಲು ಮುಂದಿಟ್ಟ. ಒಂದು, ಸಾಗವಾನಿ ಹಲಗೆಯ ಹಾಗೆ ಕಾಣುವ ತೆಳ್ಳನೆಯ ಪಟ್ಟಿಗಳು, ಒಂದಕ್ಕೊಂದು ಕೊಂಡಿ ಕೂಡಿಸಿ ಹಾಸುವಂಥವು. "ಇದಕ್ಕ ಲ್ಯಾಮಿನೇಟ ಅಂತಾರ." ಇನ್ನೊಂದು, ಜಮಖಾನೆಯ ಹಾಗೆ ಸುರುಳಿ ಸುತ್ತಿದ ದಪ್ಪನೆಯ ಪ್ಲಾಸ್ಟಿಕ್ ಹಾಸು. "ಇದು ವಿನೈಲು. ಉರುಳಿಸಿದರ ಆತು."

ಲ್ಯಾಮಿನೇಟ್ ಪಟ್ಟಿಯ ಮೇಲೆ ಶ್ರೀಪಾಲ ಚಪ್ಪಲಿ ಬಿಟ್ಟು ಹತ್ತಿ ನಿಂತ. ನಾಲ್ಕು ಹೆಜ್ಜೆ ನಡೆದ. ಟಕ್ ಟಕ್ ಎಂದಿತು. ಅವನ ಮೀಸೆ ತಾನಾಗಿ ಮೇಲೆದ್ದಿತು.

"ಸುಂದ್ರಾ, ಇದನ್ನ ತಗೊಳ್ಳೂಣು! ಕೇಳಿಲ್ಲಿ ಸಪ್ಪಳಾ. ಅರಮನ್ಯಾಗ ಅಡ್ಡ್ಯಾಡಿದಂಗ ಆಗತೈತಿ."

"ಅರಮನ್ಯಾಗ ಅಡ್ಡ್ಯಾಡವರು ಎಮ್ಮಿ ಹಿಂಡತಿದ್ದಿಲ್ಲರಿ," ಎಂದಳು ಸುಂದರಾಬಾಯಿ. "ವೀರಪ್ಪಾ, ಇದರ ಮ್ಯಾಲ ನೀರು ಬಿದ್ದರ?"

"ಒರಸಿದರ ಆತ್ರಿ."

"ಒರಸೂ ಮಾತಲ್ಲೋ. ಮಹಾರಾಜರ ಪಾದ ತೊಳಿಯೂದು ಪಡಸಾಲ್ಯಾಗ. ನಾವೆಲ್ಲಾ ಮಡಿಲೆ ಒದ್ದಿ ಸೀರಿ ಉಟ್ಟು ಅಡ್ಡ್ಯಾಡತೇವಿ. ನೀರು ಬೀಳೂದಲ್ಲ, ಹರಿಯೂದು."

ವೀರಪ್ಪ ತಲೆ ತುರಿಸಿಕೊಂಡ. "ಭಾಳ ನೀರಂದ್ರ... ನೋಡಬೇಕ್ರಿ."

"ನೀ ನೋಡಬ್ಯಾಡ. ನಾ ನೋಡತೇನಿ. ಎರಡರದೂ ಒಂದೊಂದು ತುಂಡು ಕೊಡು."

ಮನೆಯಲ್ಲಿ ಪರೀಕ್ಷೆ ಶುರುವಾಯಿತು. ಎರಡೂ ತುಂಡುಗಳು ಎರಡು ಬಕೆಟ್ಟಿನಲ್ಲಿ ಮುಳುಗಿದವು. ಮರುದಿನ ತೆಗೆದರೆ, ವಿನೈಲು ಸ್ನಾನ ಮುಗಿಸಿ ಎದ್ದವರ ಹಾಗೆ ಲಕಲಕ ಎನ್ನುತ್ತಿತ್ತು. ಲ್ಯಾಮಿನೇಟಾದರೋ, ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನ ಮೋರೆಯಂತೆ ಊದಿಕೊಂಡಿತ್ತು. ಶ್ರೀಪಾಲ ಅದನ್ನು ಬಿಸಿಲಿಗೆ ಒಣಗಿಸಿ, ಮೇಲೊಂದು ಕಲ್ಲು ಹೇರಿ, "ಇಳಿದೀತು, ಇಳಿದೀತು," ಎಂದು ಎರಡು ದಿನ ಸೇವೆ ಮಾಡಿದ. ಅದು ಇಳಿಯಲಿಲ್ಲ, ಬಾಯಿಬಿಟ್ಟಿತು.

ಗೆದ್ದದ್ದನ್ನೂ ಸುಂದರಾಬಾಯಿ ಸುಮ್ಮನೆ ಬಿಡಲಿಲ್ಲ. ವಿನೈಲಿನ ಮೇಲೆ ರುಬ್ಬುವ ಗುಂಡನ್ನು ಎಳೆದಾಡಿದಳು. ಅರಿಶಿನದ ಎಣ್ಣೆ ಚೆಲ್ಲಿ, ಒಣಗಿಸಿ, ಸೀಗೆಪುಡಿಯಲ್ಲಿ ತಿಕ್ಕಿದಳು. ಮೇಲೆ ನಿಂತು ಹೆಜ್ಜೆ ಜಾರುತ್ತದೆಯೋ ಎಂದು ಒದ್ದೆಗಾಲಿನಲ್ಲಿ ಹಿಂದೆ ಮುಂದೆ ನಡೆದಳು.

"ಅತ್ತೀ, ಎಮ್ಮಿ ಒಂದು ಹತ್ತಸೂದು ಉಳದೈತಿ ನೋಡ್ರಿ," ಎಂದು ರೂಪಾಲಿ ನಕ್ಕಳು.

ಸುಂದರಾಬಾಯಿ ನಗಲಿಲ್ಲ. "ಖರೆ ಹೇಳಿದಿ ನೋಡು," ಎಂದು ತುಂಡನ್ನು ಕೊಟ್ಟಿಗೆಗೆ ಒಯ್ದು ಎಮ್ಮೆಯ ಕಾಲ ಕೆಳಗೆ ಹಾಸಿದಳು. ಎಮ್ಮೆ ಎಮ್ಮೆಯ ಧರ್ಮಕ್ಕೆ ತಕ್ಕದ್ದೆಲ್ಲವನ್ನೂ ಅದರ ಮೇಲೆ ಮಾಡಿತು. ತೊಳೆದರೆ ತುಂಡು ಹೊಸದರಂತೆ! ಮರುದಿನ ಎರಡನ್ನೂ ವೀರಪ್ಪನಿಗೆ ಹಿಂತಿರುಗಿಸಿದಳು. (ತಂದ ಸ್ಯಾಂಪಲ್ಲು ಹಿಂತಿರುಗಿಸುವ ಗಿರಾಕಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಮೂಸಿ ನೋಡಿ, ಕಾಣದಿದ್ದರೇ ಚೆನ್ನಾಗಿತ್ತು ಅಂದುಕೊಂಡ.)

"ಇದು ಪಾಸು. ಅದು ನಾಪಾಸು," ಎಂದಳು.

"ಯಾವ ಡಿಜಾಯಿನು ಕೊಡ್ಲಿ ಬಾಯಾರ?"

ಕಟ್ಟಿಗೆಯ ಗೆರೆಯ ವಿನೈಲಿತ್ತು. ಶ್ರೀಪಾಲ ಅದರ ಮೇಲೆ ಕೈಯಾಡಿಸಿ, ಲ್ಯಾಮಿನೇಟಿನ ನೆನಪಿಗೆ ಅದನ್ನಾದರೂ ಕೊಡಿಸು ಎಂದು ಗೋಗರೆದ. ಆದರೆ ಮೂಲೆಯಲ್ಲಿ ನಿಂತಿದ್ದ ಇನ್ನೊಂದು ಸುರುಳಿಯ ಮೇಲೆ ಸುಂದರಾಬಾಯಿಯ ಕಣ್ಣು ಬಿದ್ದಾಗಿತ್ತು. ಉರುಳಿಸಿದರೆ ಹಸಿರು ಹುಲ್ಲು, ಹಸಿರೆಲೆ, ಎಲೆಗಳ ನಡುವೆ ಗುಲಾಬಿ! ಎಲೆಯ ನರ ಸಹಿತ ಕಾಣುವಂಥ ಛಾಪು. ಅಂಗಡಿಗೆ ತೋಟವೇ ಬಂದಂತಾಯಿತು. ಸುರುಳಿಯ ಕೊನೆಯ ತುಂಡು, ಆದ್ದರಿಂದ ದರದಲ್ಲೂ ಸಡಿಲು. ಉದ್ದಗಲ ಪಡಸಾಲೆಗೆ ಹೇಳಿ ಮಾಡಿಸಿದಂತಿತ್ತು.

"ಮಹಾರಾಜರು ಹೂವಿನ ಮ್ಯಾಲ ನಡಕೋತ ಬರಲಿ," ಎಂದಳು ಸುಂದರಾಬಾಯಿ, ಕಣ್ಣರಳಿಸಿ.

ಹಾಸುವ ಭೀಮಶಿ ಬಂದ. ಪಡಸಾಲೆಯ ನಟ್ಟನಡುವಿನ ಕಂಬಕ್ಕೆ ಸರಿಯಾಗಿ ತೂತು ಕೊರೆದು, ಅಂಚಿಗಷ್ಟೇ ಅಂಟುಪಟ್ಟಿ ಹಚ್ಚಿ, ತೋಟವನ್ನು ಬಿಚ್ಚಿ ಹಾಸಿ ಹೋದ. ಓಣಿಯೇ ನೋಡಲು ಬಂತು. ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಮಗ ಧನ್ಯಕುಮಾರ ಬಾಗಿಲಲ್ಲೇ ನಿಂತು, ಬೇರೆಯವರ ಮನೆಗೆ ಬಂದೆನೇನೋ ಎಂದು ಹೊರಗೆ ಹೋಗಿ ನೋಡಿ ಬಂದ. ಚಂಪಾಬಾಯಿಯಂತೂ ಹೊಸ್ತಿಲಲ್ಲಿ ನಿಂತು ಗಲ್ಲಕ್ಕೆ ಕೈಯಿಟ್ಟಳು.

"ಅಯ್ಯ ಅಕ್ಕಾ, ತುಳ್ಯಾಕ ಮನಸ ಬರವಲ್ದು!"

ಎಂಥ ಹೊಗಳಿಕೆ ಎಂದು ಸುಂದರಾಬಾಯಿ ಹಿಗ್ಗಿದಳು.

ಮಹಾರಾಜರು ಊರಿಗೆ ಬಂದ ಮರುದಿನ. ಭಾವಿಯ ನೀರು ಸೋಸಿ ಕಾಯಿಸಿದ್ದಾಯಿತು, ಹಿಟ್ಟು ಮನೆಯಲ್ಲೇ ಬೀಸಿದ್ದಾಯಿತು. ಗಂಡ ಹೆಂಡತಿ ಸೊಸೆ ಮಡಿಯುಟ್ಟು ಬಾಗಿಲಲ್ಲಿ ನಿಂತರು. ಶ್ರೀಪಾಲನ ಕೈಯಲ್ಲಿ ಕಳಶ, ಸುಂದರಾಬಾಯಿಯ ಕೈಯಲ್ಲಿ ತೆಂಗಿನಕಾಯಿ, ರೂಪಾಲಿಯ ಕೈಯಲ್ಲಿ ಬಾಳೆಹಣ್ಣು. ಗುರುತು ಯಾವುದಿದ್ದರೂ ತಪ್ಪಬಾರದು. ಎದುರಿನ ಬಾಗಿಲಲ್ಲಿ ಚಂಪಾಬಾಯಿಯ ಮನೆಮಂದಿ. ಓಣಿಯ ತುದಿಯಲ್ಲಿ ನವಿಲುಗರಿಯ ಪಿಂಛಿ ಹಿಡಿದು, ಇನ್ನೊಂದು ಕೈಯ ಬೆರಳು ಭುಜಕ್ಕೆ ತಾಗಿಸಿ ಮಹಾರಾಜರು ಕಂಡರು. ಆ ಕೈ ಹಾಗಿರುವವರೆಗೆ ಅವರು ಮೌನ.

"ಹೇ ಸ್ವಾಮಿ ನಮೋಸ್ತು ನಮೋಸ್ತು! ಅತ್ರ ಅತ್ರ, ತಿಷ್ಠ ತಿಷ್ಠ!" ಓಣಿಯೆಲ್ಲ ಒಕ್ಕೊರಲಾಯಿತು. ಶ್ರೀಪಾಲನ ದನಿಯಂತೂ ಕಬ್ಬಿನ ಗಾಡಿ ಹೊಡೆಯುವ ದನಿ.

ಮಹಾರಾಜರು ಸುಂದರಾಬಾಯಿಯ ಮುಂದೆ ನಿಂತರು!

ಮೂವರೂ ಪ್ರದಕ್ಷಿಣೆ ಬಂದರು. "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ ಐತ್ರಿ ಮಹಾರಾಜ, ಮನಿಯೊಳಗ ಬರ್ರಿ," ಎಂದು ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆಯಿಡುತ್ತ ಒಳಗೆ ಹೋದರು. ಮಹಾರಾಜರು ಹೊಸ್ತಿಲಿಗೆ ಬಂದರು. ಎಂದಿನಂತೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿದರು.

ನಿಂತರು.

ಇನ್ನೊಮ್ಮೆ ನೋಡಿದರು. ಎತ್ತಿದ ಪಾದವನ್ನು ಮೆಲ್ಲಗೆ ಹಿಂದಕ್ಕೆ ಇಟ್ಟರು. ಆಮೇಲೆ ತಿರುಗಿದರು.

"ಅತ್ತೀ, ಎಲಿ!" ಎಂದು ರೂಪಾಲಿ ಕಿವಿಯಲ್ಲಿ ಉಸುರಿದಳು. "ಹಸರಿನ ಮ್ಯಾಲ ಮಹಾರಾಜರು ಕಾಲಿಡೂದಿಲ್ಲಲ್ರೀ!"

ಹಸಿರು ಹುಲ್ಲಿನಲ್ಲಿ ಜೀವವಿದೆ, ಮುನಿಗಳು ಅದನ್ನು ತುಳಿಯುವುದಿಲ್ಲ. ಇದು ಸುಂದರಾಬಾಯಿಗೆ ಗೊತ್ತಿಲ್ಲದ ಮಾತೇ? ಬುದ್ಧಿ ಬಂದಾಗಿನಿಂದ ಚತುರ್ದಶಿಯ ದಿನ ತಾನು ಕೊತ್ತಂಬರಿಯನ್ನೂ ಮುಟ್ಟಿದವಳಲ್ಲ. ನೀರಿಗೆ ಹಾಕಿ ನೋಡಿದಳು, ಗುಂಡು ಎಳೆದು ನೋಡಿದಳು, ಎಮ್ಮೆಯನ್ನು ಹತ್ತಿಸಿ ನೋಡಿದಳು. ಎಲೆಯನ್ನು ಎಲೆಯೆಂದು ನೋಡುವುದೊಂದೇ ಉಳಿದಿತ್ತು!

ಶ್ರೀಪಾಲ ಸುಮ್ಮನಿರಬೇಕಲ್ಲ. "ಮಹಾರಾಜ, ಖರೆ ಎಲಿ ಅಲ್ಲರಿ! ಪ್ಲಾಸ್ಟಿಕ್ ಐತ್ರಿ!" ಎಂದು ಕಳಶ ಹಿಡಿದೇ ಕೂಗಿದ. ಮಹಾರಾಜರು ಅಂಗಳ ದಾಟುತ್ತಿದ್ದರು. "ವಾರಂಟಿ ಐತ್ರಿ ಮಹಾರಾಜ!"

ಎದುರಿನ ಬಾಗಿಲಲ್ಲಿ ಚಂಪಾಬಾಯಿಯ ದನಿ ಹೊಸ ಹುರುಪಿನಿಂದ ಏರಿತು. ಮಹಾರಾಜರು ಅಲ್ಲಿಯೇ ನಿಂತರು, ಅಲ್ಲಿಯೇ ಒಳಹೊಕ್ಕರು. ಆದರೆ ಚಂಪಾಬಾಯಿಯೂ ಕೆಟ್ಟವಳಲ್ಲ. ಮಡಿಯಲ್ಲಿದ್ದವರು ಯಾರೇ ಬಂದು ಒಂದು ತುತ್ತು ಕೊಡಬಹುದೆಂಬ ರೂಢಿಯೂ ಇದೆ. ಒಳಗಿನಿಂದ ಕೈಮಾಡಿ ಕರೆದಳು. ಸುಂದರಾಬಾಯಿ ಹೋಗಿ ಚಂಪಾಬಾಯಿಯ ಮನೆಯಲ್ಲಿ, ಚಂಪಾಬಾಯಿಯ ಬಟ್ಟಲಿನಿಂದ, ಚಂಪಾಬಾಯಿಯ ಎಮ್ಮೆಯ ಹಾಲನ್ನು ಮಹಾರಾಜರ ಬೊಗಸೆಗೆ ಎರೆದಳು. ಪುಣ್ಯ ಸಿಕ್ಕಿತು ನಿಜ. ಆದರೆ ಅದು ಕೈಗಡ ತಂದ ಒಡವೆ ಹಾಕಿಕೊಂಡಂತಿತ್ತು.

ಮಧ್ಯಾಹ್ನ ಬಸದಿಗೆ ಹೋಗಿ ಕೈಮುಗಿದಳು. "ಮಹಾರಾಜ, ಅದು ಬಣ್ಣದ್ದ ಎಲಿರಿ. ಜೀವಾ ಇಲ್ಲರಿ ಅದಕ್ಕ."

ಮಹಾರಾಜರು ನಕ್ಕರು. "ಗೊತ್ತಾತಬೇ ತಾಯಿ, ಎರಡನೇ ಸಲ ನೋಡಿದಾಗ ಗೊತ್ತಾತು. ಆದರ ಕಣ್ಣಿಗೆ ಹುಲ್ಲು ಕಂಡಮ್ಯಾಲ ಕಾಲಿಗೆ ಪ್ಲಾಸ್ಟಿಕ್ ಅಂತ ಹೆಂಗ ಹೇಳ್ಲಿ? ತುಳಿಯೂ ರೂಢಿ ಕಾಲಿಗೆ ಬಿದ್ದರ, ನಾಳೆ ಖರೆ ಹುಲ್ಲು ಬಂದಾಗ ಅದು ನನ್ನ ಮಾತು ಕೇಳೂದಿಲ್ಲ."

ಸುಂದರಾಬಾಯಿ ಮನೆಗೆ ಬಂದು ಕಂಬಕ್ಕೆ ಒರಗಿ ತೋಟವನ್ನು ನೋಡುತ್ತ ಕುಳಿತಳು. ಕಿತ್ತರೆ ಕೆಳಗೆ ಬಿರುಕಿನ ಗಚ್ಚು. ಬೇರೆ ತರಲು ಕೈಯಲ್ಲಿ ಉಳಿದದ್ದಿಲ್ಲ. ಮಹಾರಾಜರು ಮುಂದಿನ ಊರಿಗೆ ಹೊರಡುವ ದಿನವೂ ದೂರವಿಲ್ಲ.

"ನನ್ನ ಲ್ಯಾಮಿನೇಟ ತಂದಿದ್ದರ..." ಎಂದು ಶ್ರೀಪಾಲ ಶುರುಮಾಡಿದ.

"ನಿಮ್ಮ ಲ್ಯಾಮಿನೇಟ ಇಷ್ಟೊತ್ತಿಗೆ ಹೋಳಿಗಿ ಆಗಿರತಿತ್ತು. ಸುಮ್ಮಕುಂದರ್ರಿ."

ಶ್ರೀಪಾಲ ಸುಮ್ಮನೆ ಕುಳಿತ. ಸುಮ್ಮನೆ ಕುಳಿತವನು ಕಾಲಿನಿಂದ ಹಾಸಿನ ಒಂದು ಮೂಲೆಯನ್ನು ಕೆದಕಿದ. ಮೂಲೆ ಮಗುಚಿತು. ಹಿಂಬದಿ ಸಾದಾ ಬೂದಿಬಣ್ಣ. ಎಲೆಯಿಲ್ಲ, ಹೂವಿಲ್ಲ, ಹುಲ್ಲಿಲ್ಲ.

"ಏ ಸುಂದ್ರಾ," ಎಂದ, ತನಗೇ ನಂಬಿಕೆಯಾಗದೆ. "ಬೋರಲ ಹಾಕಿದರ ಹೆಂಗ?"

ಸುಂದರಾಬಾಯಿ ಎದ್ದು ಬಂದಳು, ಹಿಂಬದಿಗೆ ನೀರು ಹನಿಸಿದಳು, ಒರಸಿದಳು, ಉಗುರಿನಿಂದ ಗೀರಿದಳು. ಆಮೇಲೆ ಗಂಡನ ಮುಖವನ್ನು ಹೊಸದಾಗಿ ನೋಡಿದಳು.

"ರೂಪಾಲಿ, ನಿಮ್ಮ ಮಾವಾರಿಗೆ ಚಹಾ ಮಾಡು. ಸಕ್ಕರಿ ಕೈಬಿಟ್ಟು ಹಾಕು."

ಮರುದಿನ ಭೀಮಶಿ ಬಂದು ತಲೆಯ ಮೇಲೆ ಕೈಹೊತ್ತ. "ಬಾಯಾರ, ಮೂಡಲಗಿ, ಹುಕ್ಕೇರಿ ಎಲ್ಲಾ ಕಡೆ ಹಾಸೇನಿ. ಉಲ್ಟಾ ಹಾಸು ಅಂದವರು ನೀವ ಮೊದಲಾ."

"ಹೇಳಿದ್ದ ಮಾಡೋ. ಈ ಸಲ ಬರೇ ಅಂಚಿಗಲ್ಲ, ತುಂಬ ಅಂಟು ಬಳದು ಕೂಡಸು. ಒಂದು ಇರುವಿ ಹೋಗೂವಷ್ಟೂ ಸಂದು ಇರಬಾರದು."

"ಅಂಟು ಬಳದರ ಮತ್ತ ಏಳೂದಿಲ್ರಿ. ನಿಮ್ಮ ಮೊಮ್ಮಕ್ಕಳು ಎಳದರೂ ಬರೂದಿಲ್ಲ."

"ಅದ ಬೇಕಾಗಿದ್ದು."

ನೆಲ ಬೂದಿಬಣ್ಣಕ್ಕೆ ತಿರುಗಿತು. ಬಿರುಕಿಲ್ಲ, ಇರುವೆಯಿಲ್ಲ, ಎಲೆಯಿಲ್ಲ. ಎರಡು ದಿನ ಮಹಾರಾಜರು ಬೇರೆ ಓಣಿಗೆ ಹೋದರು. ಮೂರನೆಯ ದಿನ ಬಂದರು. ನಿಂತರು. ಹೊಸ್ತಿಲಲ್ಲಿ ನೆಲ ನೋಡಿದರು. ಶ್ರೀಪಾಲ ಮತ್ತೇನಾದರೂ ಕೂಗಿಯಾನೆಂದು ರೂಪಾಲಿ ಅವನನ್ನೇ ದಿಟ್ಟಿಸುತ್ತಿದ್ದಳು. ಮಹಾರಾಜರ ತುಟಿಯಂಚಿನಲ್ಲಿ ನಗುವಿನ ಎಳೆಯೊಂದು ಬಂದು ಹೋಯಿತು. ಪಾದ ಒಳಗೆ ಬಂತು.

ಪಾದ ತೊಳೆದ ನೀರು ನೆಲದ ಮೇಲೆ ಹರಿದು ಹಾಗೆಯೇ ನಿಂತಿತು, ಒಂದು ಹನಿಯೂ ಇಂಗಲಿಲ್ಲ. ಸುಂದರಾಬಾಯಿ ತಾನು ಬೀಸಿದ ಹಿಟ್ಟಿನ ರೊಟ್ಟಿಯ ಮೊದಲ ತುತ್ತನ್ನು ಆ ಬೊಗಸೆಯಲ್ಲಿ ಇಟ್ಟಳು. ಆಗ ಅವಳಿಗಾದ ಹಿಗ್ಗನ್ನು ಬರೆಯಲು ಹೋದರೆ ಅಕ್ಷರ ಸಾಲವು. ಚಂಪಾಬಾಯಿಯನ್ನೂ ಕರೆದು ಅವಳ ಕೈಯಿಂದಲೂ ಹಾಲು ಎರೆಸಿದಳು.

ಸುದ್ದಿ ಹುಕ್ಕೇರಿಗೆ ಹೋಯಿತು. ಮರುದಿನವೇ ರೂಪಾಲಿಯ ತಾಯಿ, ಅಂದರೆ ಬೀಗತಿ, ಮಹಾರಾಜರ ದರ್ಶನಕ್ಕೆಂದು ಬಂದಿಳಿದರು. ತಂದ ದಿನವೇ ಮಗಳು ಫೋನಿನಲ್ಲಿ ಹೇಳಿದ್ದ ತೋಟದ ಹಾಸನ್ನು ನೋಡುವ ಆಸೆಯೂ ಇತ್ತು. ಪಡಸಾಲೆಯ ನಡುವೆ ನಿಂತು ಸುತ್ತ ನೋಡಿದರು.

"ಬೀಗತ್ಯಾರ, ಎಲ್ಲೈತ್ರಿ ಆ ಗುಲಾಬಿ ಹಾಸು?"

"ನೀವು ಅದರ ಮ್ಯಾಲ ನಿಂತೀರಿ," ಎಂದಳು ಸುಂದರಾಬಾಯಿ ಹೆಮ್ಮೆಯಿಂದ.

ಬೀಗತಿ ಕಾಲೆತ್ತಿ ಕೆಳಗೆ ನೋಡಿದರು. "ಇದು ಗಚ್ಚಲ್ಲೇನ್ರಿ?"

"ಗಚ್ಚಲ್ಲರಿ, ವಿನೈಲು. ಗುಲಾಬಿ ಕೆಳಗ ಅದಾವ."

"ಕೆಳಗ?"

"ಕೆಳಗ ಹುಲ್ಲೂ ಐತ್ರಿ. ತಡೀರಿ, ತೋರಸತೇನಿ." ಸುಂದರಾಬಾಯಿ ಮೂಲೆಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ಉಗುರು ಹಾಕಿ ಎಳೆದಳು. ಬರಲಿಲ್ಲ. ಇನ್ನೊಂದು ಮೂಲೆಗೆ ಹೋದಳು. ಅದೂ ಬರಲಿಲ್ಲ. ಕಂಬದ ಬುಡದಲ್ಲಿ ಈಳಿಗೆಯ ತುದಿ ಹಾಕಿ ನೋಡಿದಳು. ಭೀಮಶಿ ತನಗೆ ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದ. ಕೂದಲು ತೂರುವಷ್ಟೂ ಸಂದಿರಲಿಲ್ಲ.

"ಖರೆರಿ ಬೀಗತ್ಯಾರ, ಕೆಳಗ ಐತಿ. ನಾನ ಬೋರಲ ಹಾಕಸೂಣು ಅಂದಾಂವ," ಎಂದು ಶ್ರೀಪಾಲ ಸಾಕ್ಷಿ ನುಡಿದ. ಅದರಿಂದ ಕೇಸು ಇನ್ನಷ್ಟು ಕೆಟ್ಟಿತು. ರೂಪಾಲಿ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ಬೀಗತಿ ಬಂದು, ಕಂಬದ ಬುಡದಲ್ಲಿ ಈಳಿಗೆ ಹಿಡಿದು ಕುಳಿತಿದ್ದ ಸುಂದರಾಬಾಯಿಯ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟರು.

"ಬಿಡ್ರಿ ಬೀಗತ್ಯಾರ. ಮೋಟಾರ ಸುಟ್ಟಿತ್ತಂತ ರೂಪಾಲಿ ಹೇಳ್ಯಾಳ. ಈ ವರ್ಷ ಆಗಲಿಲ್ಲಂದ್ರ ಬರೂ ವರ್ಷ ಹಾಕಸಿದರಾತು. ನಾವೇನ ಹೊರಗಿನವರ? ಗುಲಾಬಿ ಕೆಳಗ ಅದಾವಂತ ಹೇಳೂದ್ಯಾಕ?"